ಅಲೆ ಎಬ್ಬಿಸೋದಲ್ಲ, ನೀರನ್ನು ಸುಮ್ಮನಿರಿಸೋದು ಕಷ್ಟ

ವಾಟರ್ ಪಾರ್ಕಿನ ವೇವ್ ಪೂಲಿಗೆ ಇಳಿದವರಿಗೆ ಇದು ಗೊತ್ತಿರುತ್ತದೆ. ಸೈರನ್ ಕೂಗಿದ್ದೇ ತಡ, ಮಕ್ಕಳೆಲ್ಲ ಹೋ ಎಂದು ಆಳದ ಕಡೆಗೆ ಓಡುತ್ತಾರೆ. ಗೋಡೆಯ ಹಿಂದೆ ಎಲ್ಲೋ ಮೋಟಾರು ಗುಂಯ್ ಎನ್ನುತ್ತದೆ. ಮೊದಲ ಒಂದೆರಡು ಅಲೆ ಸಾಲಾಗಿ, ಚೆಂದವಾಗಿ ಬರುತ್ತವೆ. ಆಮೇಲೆ ನೀರಿನ ಲೆಕ್ಕ ತಪ್ಪುತ್ತದೆ. ಹೋದ ಅಲೆ ಅಂಚಿಗೆ ಬಡಿದು ವಾಪಸ್ ಬರುತ್ತದೆ, ಬರುವ ಅಲೆಗೆ ಡಿಕ್ಕಿ ಹೊಡೆಯುತ್ತದೆ. ಸ್ವಲ್ಪ ಹೊತ್ತಿಗೆ ಪೂಲ್ ಪೂರ್ತಿ ಕಲಸುಮೇಲೋಗರ. ಮೋಟಾರು ನಿಂತ ಮೇಲೂ ನೀರು ಬಹಳ ಹೊತ್ತು ತೊನೆಯುತ್ತಲೇ ಇರುತ್ತದೆ.

ತೇಲುತ್ತಾ ನಗುವವರಿಗೆ ಅಷ್ಟು ಸಾಕು. ಆದರೆ ಅದೇ ನೀರಿನ ಮೇಲೆ ಹಲಗೆ ಹಾಕಿಕೊಂಡು ನಿಲ್ಲಬೇಕು, ಜಾರಬೇಕು ಎಂದರೆ ಆಗುವುದಿಲ್ಲ. ಈಗ ಜಗತ್ತಿನ ಹಲವು ಕಡೆ, ಸಮುದ್ರವೇ ಇಲ್ಲದ ಊರುಗಳಲ್ಲಿ ಕೂಡ, ಸರ್ಫಿಂಗ್‌ಗೆಂದೇ ಕೊಳಗಳು ಏಳುತ್ತಿವೆ. ಬ್ರಿಸ್ಟಲ್, ಮೆಲ್ಬರ್ನ್, ಸಿಡ್ನಿ, ಎಡಿನ್‌ಬರೋ, ಮ್ಯೂನಿಕ್, ಅಬುಧಾಬಿ, ಸ್ವಿಟ್ಜರ್ಲೆಂಡಿನ ಸಿಯೋನ್, ದಕ್ಷಿಣ ಕೊರಿಯಾದ ಸಿಹಂಗ್. ಇವುಗಳ ಬಗ್ಗೆ ಬರುವ ಸುದ್ದಿಗಳೆಲ್ಲ ಅಲೆ ಎಷ್ಟು ಎತ್ತರ ಎಂಬುದರ ಮೇಲೇ ನಿಲ್ಲುತ್ತವೆ. ನನಗೆ ಕಾಣುವುದು ಬೇರೆ. ಅಲೆ ಎಬ್ಬಿಸುವುದು ಈ ಕೆಲಸದ ಸುಲಭದ ಭಾಗ. ಎದ್ದ ಅಲೆಯನ್ನು ಸಾಯಿಸಿ, ನೀರನ್ನು ಬೇಗ ಸುಮ್ಮನಿರಿಸುವುದೇ ಕಷ್ಟದ ಭಾಗ. ಈ ಕೊಳಗಳ ದುಡ್ಡಿನ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲು ಸರ್ಫರ್‌ಗೆ ಏನು ಬೇಕು ಎಂದು ನೋಡೋಣ. ಮೂಲ್ಕಿ ಹತ್ತಿರದ ಸಸಿಹಿತ್ಲುವಿಗೆ ಹೋಗಿ ಒಂದು ಬೆಳಗ್ಗೆ ಸುಮ್ನೆ ಕೂತು ನೋಡಿ. ಶಾಂಭವಿ, ನಂದಿನಿ ಎರಡೂ ನದಿ ಕೂಡಿ ಕಡಲು ಸೇರುವ ಅಳಿವೆ ಅದು. ದೂರದಲ್ಲಿ ನೀರು ಬರೀ ಏರಿಳಿಯುತ್ತಿರುತ್ತದೆ. ದಡದ ಕಡೆ ಬರುತ್ತಾ ಬರುತ್ತಾ ಆಳ ಕಡಿಮೆಯಾಗುತ್ತದೆ, ಅಲೆಯ ಬುಡಕ್ಕೆ ತಳ ತಗಲುತ್ತದೆ, ವೇಗ ಇಳಿಯುತ್ತದೆ. ತಲೆ ಮಾತ್ರ ಮುಂದಕ್ಕೆ ಬಾಗುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಮಗುಚಿ ಒಡೆಯುತ್ತದೆ. ಒಂದು ಮೀಟರ್ ಅಲೆ ಎಂದರೆ ಸುಮಾರು 1.3 ಮೀಟರ್ ನೀರಿನಲ್ಲಿ.

ಇಡೀ ಅಲೆ ಒಂದೇ ಸಲ ದಡಾರನೆ ಬಿದ್ದರೆ ಸರ್ಫರ್‌ಗೆ ಉಪಯೋಗವಿಲ್ಲ. ಒಂದು ತುದಿಯಿಂದ ಒಡೆಯಲು ಶುರುವಾಗಿ, ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಪಕ್ಕಕ್ಕೆ ಸಾಗಬೇಕು. ಒಡೆಯುತ್ತಿರುವ ನೊರೆಗೂ ಇನ್ನೂ ಒಡೆಯದ ಗೋಡೆಗೂ ನಡುವೆ ಒಂದು ಜಾಗ ಇರುತ್ತದಲ್ಲ, ಅಲ್ಲೇ ಅವನ ಬದುಕು. ಆ ಸುಲಿಯುವಿಕೆ ತೀರಾ ನಿಧಾನವಾದರೆ ಬೇಸರ, ತೀರಾ ಜೋರಾದರೆ ಹಲಗೆಗೆ ಸಿಗುವುದಿಲ್ಲ. ಕಡಲಲ್ಲಿ ಇದನ್ನು ಮಾಡುವುದು ತಳದ ಮರಳು, ಬಂಡೆ, ಹವಳ. ಕೊಳದಲ್ಲಿ ಅದನ್ನೇ ಕಾಂಕ್ರೀಟಿನಲ್ಲೋ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲೋ ತಿದ್ದಿ ತೀಡಿ ಮಾಡಬೇಕು.

ಈ ವಿಜ್ಞಾನದ ಒಂದು ಎಳೆ ಶುರುವಾದದ್ದು ಕುದುರೆಯ ಮೇಲೆ. 1834ರ ಆಗಸ್ಟ್. ಜಾನ್ ಸ್ಕಾಟ್ ರಸೆಲ್ ಎಂಬ ಸ್ಕಾಟಿಷ್ ಎಂಜಿನಿಯರ್ ಎಡಿನ್‌ಬರೋ ಪಕ್ಕದ ಯೂನಿಯನ್ ಕಾಲುವೆಯ ದಡದಲ್ಲಿ, ಕುದುರೆಗಳು ಎಳೆಯುತ್ತಿದ್ದ ದೋಣಿಯೊಂದನ್ನು ಗಮನಿಸುತ್ತಿದ್ದರು. ದೋಣಿ ಗಕ್ಕನೆ ನಿಂತಿತು. ಅದರ ಮೂತಿಯ ಬಳಿ ಒತ್ತರಿಸಿಕೊಂಡಿದ್ದ ನೀರು ಮಾತ್ರ ನಿಲ್ಲಲಿಲ್ಲ. ಒಂದೇ ಒಂದು ದುಂಡನೆಯ ಉಬ್ಬಾಗಿ, ಕಾಲುವೆಯಲ್ಲಿ ಮುಂದೆ ಹೊರಟೇ ಹೋಯಿತು. ರಸೆಲ್ ಕುದುರೆಯಲ್ಲಿ ಅದರ ಹಿಂದೆ ಬಿದ್ದರು. ಸುಮಾರು 30 ಅಡಿ ಉದ್ದ, ಒಂದೂವರೆ ಅಡಿಯೊಳಗಿನ ಎತ್ತರ, ಗಂಟೆಗೆ ಎಂಟೊಂಬತ್ತು ಮೈಲಿ ವೇಗ. ಒಂದೆರಡು ಮೈಲಿ ಹೋದ ಮೇಲೆ ಕಾಲುವೆಯ ತಿರುವುಗಳಲ್ಲಿ ಅದು ಕಣ್ಮರೆಯಾಯಿತು. ಆಮೇಲೆ ಅವರು ತೊಟ್ಟಿ ಕಟ್ಟಿಸಿ ಪ್ರಯೋಗ ಮಾಡುತ್ತಾ ಹೋದರು.

ಆಳ ಕಡಿಮೆ ಇರುವ ನೀರಿನಲ್ಲಿ ಅಲೆಯ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಆಳವೇ. ಗುರುತ್ವವನ್ನು ಆಳದಿಂದ ಗುಣಿಸಿ ವರ್ಗಮೂಲ ತೆಗೆದರೆ ವೇಗ ಸಿಗುತ್ತದೆ. ರಸೆಲ್ ಹೇಳಿದ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ನೀರಿನ ಆಳ ಸುಮಾರು ಒಂದೂವರೆ ಮೀಟರ್ ಬಂತು. ಸರಕು ದೋಣಿ ಓಡುವ ಕಾಲುವೆಗೆ ಸರಿಯಾಗಿ ಒಪ್ಪುವ ಆಳ. ಸುಮಾರು ಇನ್ನೂರು ವರ್ಷದ ಹಿಂದಿನ ವರದಿಯೊಂದು ಬೆಂಗಳೂರಿನ ಅಡುಗೆಮನೆಯ ಟೇಬಲ್ ಮೇಲೆ, ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ತಾಳೆಯಾದಾಗ ಖುಷಿಯಾಗುತ್ತದೆ, ಅಲ್ವಾ?

ಎಡಿನ್‌ಬರೋ ಹೊರವಲಯದ ರಾಥೋ ಎಂಬ ಹಳ್ಳಿಯಲ್ಲಿ ಹಳೆಯ ಕಲ್ಲುಗಣಿಯೊಂದನ್ನು ಸರ್ಫ್ ಕೊಳ ಮಾಡಿ 2024ರ ನವೆಂಬರಿನಲ್ಲಿ ತೆರೆದರು. ಆ ಹಳ್ಳಿ ಇರುವುದೂ ಅದೇ ಯೂನಿಯನ್ ಕಾಲುವೆಯ ಮೇಲೆ.

ನಡುವಿನ ಚರಿತ್ರೆ ಬೇಗ ಹೇಳಿ ಮುಗಿಸಬಹುದು. 1969ರಲ್ಲಿ ಅಮೆರಿಕದ ಅರಿಝೋನಾ ಮರುಭೂಮಿಯ ಟೆಂಪಿಯಲ್ಲಿ ‘ಬಿಗ್ ಸರ್ಫ್’ ಬಂತು. ಉಪಾಯ ನಮ್ಮ ಮನೆಯ ಟಾಯ್ಲೆಟ್ ಫ್ಲಶ್‌ನದ್ದೇ. ಎತ್ತರದಲ್ಲಿ ನೀರು ತುಂಬಿಸು, ಬಾಗಿಲು ತೆಗೆ, ಒಟ್ಟಿಗೆ ಸುರಿ. 1985ರಲ್ಲಿ ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಲ್ಲಿ ವೃತ್ತಿಪರರ ಸ್ಪರ್ಧೆಯನ್ನೇ ಇಂಥ ಕೊಳದಲ್ಲಿ ನಡೆಸಿದರು. ಆಸ್ಟ್ರೇಲಿಯಾದ ಟಾಮ್ ಕ್ಯಾರಲ್ ಗೆದ್ದರು. ಅಲೆ ಮಾತ್ರ ಬಡಕಲು. ಕೊಳದ ಸರ್ಫಿಂಗ್ ಎಂದರೆ ನಗೆಪಾಟಲು ಎಂಬ ಅಭಿಪ್ರಾಯ ಮೂವತ್ತು ವರ್ಷ ಹಾಗೇ ಉಳಿಯಿತು.

ಅದನ್ನು ಬದಲಿಸಿದ್ದು 2015ರ ಡಿಸೆಂಬರಿನಲ್ಲಿ ಹೊರಬಂದ ಒಂದು ವಿಡಿಯೋ. 11 ಸಲ ವಿಶ್ವ ಚಾಂಪಿಯನ್ ಆದ ಕೆಲ್ಲಿ ಸ್ಲೇಟರ್ ಕ್ಯಾಲಿಫೋರ್ನಿಯಾದ ಲೆಮೂರ್ ಎಂಬ ಕೃಷಿ ಊರಿನಲ್ಲಿ, ಸಮುದ್ರದಿಂದ ನೂರು ಕಿಲೋಮೀಟರಿಗೂ ದೂರದಲ್ಲಿ, ಕೊಳವೆಯಂತೆ ಸುರುಳಿ ಸುತ್ತುವ ಅಲೆಯೊಂದನ್ನು ತೋರಿಸಿದರು. ಹಿಂದೆ ಇದ್ದದ್ದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಮ್ ಫಿಂಚಮ್ ಮತ್ತವರ ತಂಡದ ಹತ್ತಿರ ಹತ್ತಿರ ಹತ್ತು ವರ್ಷದ ದುಡಿಮೆ. ಲ್ಯಾಬಿನ ಚಿಕ್ಕ ತೊಟ್ಟಿಯಲ್ಲಿ ಅಲೆ, ಸೂಪರ್‌ಕಂಪ್ಯೂಟರಿನಲ್ಲಿ ಅದರ ಲೆಕ್ಕ, ಮತ್ತೆ ತೊಟ್ಟಿ. ಒಡೆಯುವ ಅಲೆಯಲ್ಲಿ ನೀರು, ಗಾಳಿ ಎರಡೂ ಬೆರೆಯುವುದರಿಂದ ಆ ಲೆಕ್ಕ ಕಂಪ್ಯೂಟರಿಗೂ ಸುಸ್ತು ತರುವಂಥದ್ದು.

ಲೆಮೂರ್ ಕೊಳದ ಉದ್ದ ಸುಮಾರು 700 ಮೀಟರ್. ಒಂದು ಬದಿಯ ಉದ್ದಕ್ಕೂ ಹಳಿ. ಹಳಿಯ ಮೇಲೆ ರೈಲಿನ ಬೋಗಿಗಳಂಥ ಗಾಡಿ. ಗಾಡಿಗೆ ಅಂಟಿಕೊಂಡು ನೀರಿನೊಳಗೆ ಇಳಿಬಿಟ್ಟ ಭಾರಿ ರೆಕ್ಕೆ. ಕೇಬಲ್ ಗಾಡಿಯನ್ನು ಎಳೆಯುತ್ತದೆ, ರೆಕ್ಕೆ ನೀರನ್ನು ಪಕ್ಕಕ್ಕೆ ದೂಡುತ್ತದೆ. ದೋಣಿ ಹೋದ ಮೇಲೆ ಹಿಂದೆ ಓರೆಯಾಗಿ ಸಾಗುವ ತೆರೆ ನೋಡಿರುತ್ತೀರಿ. ಅದೇ ತೆರೆ, ನೂರಾರು ಪಟ್ಟು ಶಿಸ್ತಿನಲ್ಲಿ. ಓರೆಯಾಗಿ ಹೋದ ಆ ಉಬ್ಬು ಆಚೆ ಬದಿಯ ಆಳವಿಲ್ಲದ ತಳಕ್ಕೆ ತಾಗಿ ಸುಲಿಯುತ್ತಾ ಸಾಗುತ್ತದೆ. ಒಬ್ಬ ಸರ್ಫರ್‌ಗೆ ಮುಕ್ಕಾಲು ನಿಮಿಷಕ್ಕೂ ಮೀರಿದ ಸವಾರಿ. ಕಡಲಲ್ಲಿ ಹತ್ತು ಸೆಕೆಂಡ್ ಸಿಕ್ಕರೆ ಅದೃಷ್ಟ ಎನ್ನುವವರೇ ಜಾಸ್ತಿ.

ಗಾಡಿ ತುದಿ ಮುಟ್ಟಿತು, ಅಲೆ ಮುಗಿಯಿತು. ಈಗ? ಕಾಯಬೇಕು. ಗೋಡೆಗೆ ಬಡಿದ ನೀರು ತೊನೆಯುತ್ತಿರುತ್ತದೆ. ಅದೂ ಸಾಲದೆಂಬಂತೆ, ಒಡೆದ ಪ್ರತಿ ಅಲೆಯೂ ಒಂದಿಷ್ಟು ನೀರನ್ನು ತಾನು ಹೋದ ಕಡೆಗೆ ಹೊತ್ತುಕೊಂಡು ಹೋಗಿರುತ್ತದೆ. ಆ ನೀರು ಹಿಂದಿರುಗಲು ಒಳಗೊಳಗೇ ಸೆಳೆತ ಹುಟ್ಟುತ್ತದೆ. ಗೋಕರ್ಣ, ಮುರುಡೇಶ್ವರದಲ್ಲಿ ಕೆಂಪು ಬಾವುಟ ನೆಡುವುದು ಯಾವ ಸೆಳೆತಕ್ಕೋ, ಅದರ ಚಿಕ್ಕ ತಮ್ಮ ಇದು. ನೀರು ಮಟ್ಟಸವಾಗದೆ ಮುಂದಿನ ಅಲೆ ಬಿಟ್ಟರೆ ಅದರ ಗೋಡೆ ಗುಂಡಿ ಬಿದ್ದ ರಸ್ತೆಯಂತೆ ಕುಲುಕುತ್ತದೆ. ಹಾಗಾಗಿ ಬದಿಗಳಲ್ಲಿ ಅಲೆಯ ಹೊಡೆತ ತಗ್ಗಿಸುವ ಕಾಲುವೆಗಳಿದ್ದರೂ ಲೆಮೂರ್‌ನಲ್ಲಿ ಎರಡು ಅಲೆಯ ನಡುವೆ ಮೂರು ನಾಲ್ಕು ನಿಮಿಷ ಬಿಡಬೇಕಾಯಿತು. ಗಂಟೆಗೆ ಹದಿನೈದಿಪ್ಪತ್ತು ಅಲೆ. ಇಡೀ ಕೊಳವನ್ನು ದಿನದ ಲೆಕ್ಕದಲ್ಲಿ ಹತ್ತಾರು ಸಾವಿರ ಡಾಲರಿಗೆ ಬಾಡಿಗೆ ಕೊಡುವುದು ಏಕೆ ಎಂದು ಈಗ ಗೊತ್ತಾಯಿತಲ್ಲ. ಜಗತ್ತಿನ ಅತ್ಯಂತ ಚೆಂದದ ಕೃತಕ ಅಲೆ, ಆದರೆ ಟಿಕೆಟ್ ಮಾರಿ ಬದುಕುವ ಅಲೆ ಅಲ್ಲ.

ಸ್ಪೇನಿನ ಬಾಸ್ಕ್ ಸೀಮೆಯ ವೇವ್‌ಗಾರ್ಡನ್ ಕಂಪನಿಯೂ ಮೊದಲು ಎಳೆಯುವ ದಾರಿಯನ್ನೇ ಹಿಡಿದಿತ್ತು. ವೇಲ್ಸ್‌ನ ಡೊಲ್ಗರೊಗ್‌ನಲ್ಲಿ ಹಳೆಯ ಅಲ್ಯುಮಿನಿಯಂ ಕಾರ್ಖಾನೆಯ ಜಾಗದಲ್ಲಿ 2015ರಲ್ಲಿ ಕೊಳ ತೆರೆಯಿತು. ನಡುವೆ ಒಂದು ಕಟ್ಟೆ, ಅದರ ಬುಡದಲ್ಲಿ ಕೇಬಲ್ಲಿಗೆ ಕಟ್ಟಿದ ನೇಗಿಲಿನಂಥ ಲೋಹ. ನೇಗಿಲು ಎಂದರೆ ನಮಗೆ ಬೇಗ ಅರ್ಥವಾಗುತ್ತದೆ. ನೀರು ಉಳುವ ನೇಗಿಲು. ಆದರೆ ನೀರಿನಡಿಯಲ್ಲಿ ಓಡಾಡುವ ಭಾರಿ ಯಂತ್ರ ಪದೇ ಪದೇ ಕೆಟ್ಟಿತು. 2023ರಲ್ಲಿ ಅಲ್ಲಿನ ಸರ್ಫಿಂಗ್ ಶಾಶ್ವತವಾಗಿ ನಿಂತಿತು.

ಅಷ್ಟರಲ್ಲಿ ಕಂಪನಿ ಎಳೆಯುವುದನ್ನು ಬಿಟ್ಟು ತಳ್ಳುವುದಕ್ಕೆ ಹೊರಳಿತ್ತು. ‘ಕೋವ್’ ಎಂಬ ಅದರ ಹೊಸ ವಿನ್ಯಾಸದಲ್ಲಿ ಕೊಳದ ನಡುವಿನ ಕಟ್ಟೆಯೊಳಗೆ ಹತ್ತಾರು ತಟ್ಟೆಗಳು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದಕ್ಕೂ ಬೇರೆ ಮೋಟಾರು. ಒಂದಾದ ಮೇಲೊಂದು, ಚೂರು ಚೂರೇ ತಡವಾಗಿ, ಅವು ನೀರನ್ನು ನೂಕುತ್ತವೆ. ಕ್ರೀಡಾಂಗಣದಲ್ಲಿ ಜನ ಸಾಲಾಗಿ ಎದ್ದು ಕೂತು ಅಲೆ ಮಾಡುತ್ತಾರಲ್ಲ, ಹಾಗೆ. ಕಟ್ಟೆಯ ಎಡಕ್ಕೊಂದು, ಬಲಕ್ಕೊಂದು ಅಲೆ ಹೊರಡುತ್ತದೆ. ಕೊಳ ಬೀಸಣಿಗೆಯಂತೆ ಅಗಲವಾಗುತ್ತಾ, ಆಳ ಕಡಿಮೆಯಾಗುತ್ತಾ ಹೋಗುವುದರಿಂದ ಅಲೆ ದಡ ಸೇರುವ ಹೊತ್ತಿಗೆ ನೊರೆಯಾಗಿ, ಸುಸ್ತಾಗಿ ಮಲಗುತ್ತದೆ. ವಾಪಸ್ ಬರಲು ಶಕ್ತಿ ಉಳಿದಿರುವುದಿಲ್ಲ. ನೊರೆಯ ಆ ಜಾಗವೇ ಹೊಸಬರು ಕಲಿಯುವ ಜಾಗ. ಅಲೆಯ ಹೆಣವನ್ನೂ ಮಾರಿದಂತಾಯಿತು! ಗಂಟೆಗೆ ಒಂದು ಸಾವಿರದವರೆಗೆ ಅಲೆ ಕೊಡಬಲ್ಲೆವು ಎಂದು ಕಂಪನಿ ಹೇಳಿಕೊಳ್ಳುತ್ತದೆ. ಲೆಮೂರ್‌ನ ಹದಿನೈದಿಪ್ಪತ್ತರ ಪಕ್ಕ ಇಟ್ಟು ನೋಡಿ. ಬ್ರಿಸ್ಟಲ್, ಮೆಲ್ಬರ್ನ್, ಎಡಿನ್‌ಬರೋ ಎಲ್ಲ ಕಡೆ ಇದೇ ಯಂತ್ರ ಹೋದದ್ದು ಇದಕ್ಕೇ.

ಇನ್ನೊಂದು ದಾರಿ ಗಾಳಿಯದು. ಟೆಕ್ಸಸ್‌ನ ವೇಕೋ, ಜಪಾನಿನ ಶಿಝುನಾಮಿ, ಮ್ಯೂನಿಕ್ ಕೊಳಗಳು ಈ ಪೈಕಿ. ಗೋಡೆಯುದ್ದಕ್ಕೂ ಕೋಣೆಗಳು, ಅವುಗಳಲ್ಲಿ ಗಾಳಿಯ ಒತ್ತಡ ಏರಿಸಿ ಇಳಿಸಿ ನೀರನ್ನು ಹೊರಗೆ ದೂಡುವುದು. ಯಾವ ಕೋಣೆ ಯಾವ ಕ್ಷಣಕ್ಕೆ ಎಂಬುದು ಸಾಫ್ಟ್‌ವೇರ್ ಕೆಲಸ. ಕೋಣೆಗಳ ಸರದಿ ಬದಲಿಸಿದರೆ ಅಲೆಯ ಆಕಾರವೇ ಬದಲಾಗುತ್ತದೆ. ನೀರಿನಲ್ಲಿ ಓಡಾಡುವ ಭಾಗಗಳೇ ಇಲ್ಲದ್ದರಿಂದ ರಿಪೇರಿ ಸುಲಭ. ಆಸ್ಟ್ರೇಲಿಯಾದ ಯೆಪ್ಪೂನ್‌ನಲ್ಲಿ ಒಬ್ಬರು ಕೆರೆಗೆ ಕಲ್ಲೆಸೆದಂತೆ ಮಾಡಿದರು. ಕೊಳದ ನಟ್ಟನಡುವೆ ದೈತ್ಯ ಕೊಂತ (ಪಿಸ್ಟನ್), ಅದು ಎದ್ದು ಬಿದ್ದಾಗ ಸುತ್ತಲೂ ಉಂಗುರ. 2018ರ ಪರೀಕ್ಷೆಯಲ್ಲೇ ಯಂತ್ರ ಮುರಿಯಿತು. ಆ ವಿನ್ಯಾಸದ ಮೇಲೆ ನನಗೆ ಒಂಥರಾ ಪ್ರೀತಿ. ಎಷ್ಟು ಸರಳ, ಎಷ್ಟು ಹುಂಬ!

ಇನ್ನು ಕರೆಂಟ್ ಲೆಕ್ಕ. ಒಂದೂವರೆ ಮೀಟರ್ ಎತ್ತರ, 20 ಮೀಟರ್ ದಪ್ಪ, 50 ಮೀಟರ್ ಅಗಲದ ಅಲೆಯೊಂದನ್ನು ಊಹಿಸಿಕೊಳ್ಳಿ. ಪಠ್ಯಪುಸ್ತಕದ ಸೂತ್ರ ಹಾಕಿದರೆ ಅದರೊಳಗಿನ ಶಕ್ತಿ ಮುಕ್ಕಾಲು ಯೂನಿಟ್‌ಗಿಂತ ಚೂರು ಜಾಸ್ತಿ. ಒಂದು ಯೂನಿಟ್ ಎಂದೇ ಇಟ್ಟುಕೊಳ್ಳಿ. ಎರಡು ಕಿಲೋವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದಷ್ಟು. ಯಂತ್ರದಲ್ಲಿ ಪೋಲಾಗುವುದು ಸೇರಿದರೆ ಮೀಟರ್ ಇದಕ್ಕಿಂತ ಜಾಸ್ತಿಯೇ ತೋರಿಸುತ್ತದೆ. ಎತ್ತರ ದುಪ್ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಹೀಗಾಗಿಯೇ ಜಾಹೀರಾತಿನ ದೊಡ್ಡ ಅಲೆಯನ್ನು ದಿನವಿಡೀ ಬಿಡುವುದಿಲ್ಲ. ಗಂಟೆಗೆ ಅಂಥ ಸಾವಿರ ಅಲೆ ಎಂದರೆ ಸಾವಿರ ಯೂನಿಟ್ ಶಕ್ತಿಯನ್ನು ನೀರಿಗೆ ಹಾಕಿ, ಅದೇ ಗಂಟೆಯಲ್ಲಿ ಅಷ್ಟನ್ನೂ ಅಲ್ಲೇ ಕೊಲ್ಲಬೇಕು. ಅದೆಲ್ಲ ಹೋಗುವುದು ಎಲ್ಲಿಗೆ? ನೊರೆ, ಸುಳಿ, ಸದ್ದು, ಕೊನೆಗೆ ಬಿಸಿ. ಆದರೆ ಎರಡೂವರೆ ಕೋಟಿ ಲೀಟರ್ ನೀರಿನ ಬಿಸಿ ಗಂಟೆಗೆ ಏರುವುದು ಒಂದು ಡಿಗ್ರಿಯ ನೂರರ ಮೂರು ಭಾಗದಷ್ಟು ಮಾತ್ರ. ಅಷ್ಟು ಕರೆಂಟ್ ಸುಟ್ಟರೂ ಸ್ನಾನಕ್ಕೆ ಆಗುವುದಿಲ್ಲ.

ಜಗಳ ಜೋರಾಗಿರುವುದು ಕರೆಂಟಿಗಿಂತ ನೀರಿನ ಮೇಲೆ. ಕ್ಯಾಲಿಫೋರ್ನಿಯಾದ ಕೊಚೆಲ್ಲಾ ಕಣಿವೆ ಮರುಭೂಮಿ. ಅಲ್ಲಿನ ಲಾ ಕ್ವಿಂಟಾ ಊರಿನಲ್ಲಿ ಸ್ಲೇಟರ್ ತಂತ್ರಜ್ಞಾನದ, 16 ಎಕರೆಗೂ ಮೀರಿದ ಅಲೆಕೊಳ, ಅದರ ಸುತ್ತ ರೆಸಾರ್ಟ್ ಎಂಬ ಯೋಜನೆ ಬಂತು. ಬರಗಾಲದ ವರ್ಷಗಳು. ಸುತ್ತಲಿನ ಜನ ನೀರು, ಸದ್ದು, ರಾತ್ರಿಯ ದೀಪ ಎಲ್ಲದರ ಬಗ್ಗೆ ತಕರಾರು ಎತ್ತಿದರು. 2022ರಲ್ಲಿ ನಗರಸಭೆ ಅದನ್ನು ತಿರಸ್ಕರಿಸಿತು. ಅದೇ ಕಣಿವೆಯ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಹಳೆಯ ವಾಟರ್ ಪಾರ್ಕಿನ ಜಾಗದಲ್ಲಿ 2024ರಲ್ಲಿ ಸರ್ಫ್ ಕೊಳ ತೆರೆಯಿತು. ಮೊದಲೇ ನೀರಾಟ ನಡೆಯುತ್ತಿದ್ದ ಜಾಗಕ್ಕೆ ವಿರೋಧ ಕಡಿಮೆ ಇರುವುದು ಸಹಜ.

ಕೊಳದ ಪರ ಇರುವವರ ವಾದ ಹೀಗೆ: ಈ ಕಣಿವೆಯಲ್ಲಿ ನೂರಕ್ಕೂ ಹೆಚ್ಚು ಗಾಲ್ಫ್ ಮೈದಾನ ಇವೆ, ನಮ್ಮ ಒಂದು ಕೊಳ ಯಾವ ಲೆಕ್ಕ? ವಾದದಲ್ಲಿ ಹುರುಳಿದೆ. ಎರಡು ಹೆಕ್ಟೇರ್ ಕೊಳದಿಂದ ದಿನಕ್ಕೆ 8 ಮಿಲಿಮೀಟರ್ ಆವಿಯಾದರೆ ಹೋಗುವುದು 1.6 ಲಕ್ಷ ಲೀಟರ್. ಬೆಂಗಳೂರಿನ ಲೆಕ್ಕದಲ್ಲಿ 12 ಸಾವಿರ ಲೀಟರಿನ ಹದಿಮೂರು ಟ್ಯಾಂಕರ್, ಅಷ್ಟೂ ಆಕಾಶಕ್ಕೆ. ಅಲೆ ಒಡೆದು ಹನಿ ಸಿಡಿಯುವುದರಿಂದ ಇನ್ನಷ್ಟು. ಆದರೆ ನಲವತ್ತು ಐವತ್ತು ಹೆಕ್ಟೇರ್ ಹುಲ್ಲು ಕುಡಿಯುವುದು ಇದರ ಎಷ್ಟೋ ಪಟ್ಟು. ಹಾಗೆಂದು ನನಗೆ ಆ ವಾದ ಪೂರ್ತಿ ಒಪ್ಪಿಗೆಯಿಲ್ಲ. ಪಕ್ಕದ ಮನೆಯವನು ನಲ್ಲಿ ತೆರೆದಿಟ್ಟಿದ್ದಾನೆ, ಆದ್ದರಿಂದ ನಾನೂ ತೆರೆದಿಡುತ್ತೇನೆ ಎಂದಂತೆ ಅದು. ಹುಲ್ಲು ಕಿತ್ತು ಆ ನೀರನ್ನು ಕೊಳಕ್ಕೆ ಕೊಡುತ್ತೇವೆ ಎಂದರೆ ಆಗ ಮಾತಾಡಬಹುದು. ಅದೇ ಕಣಿವೆಯ ಪಾಮ್ ಡೆಸರ್ಟ್‌ನ ಇನ್ನೊಂದು ಯೋಜನೆ ಆ ದಾರಿ ಹಿಡಿದು, ಗಾಲ್ಫ್ ಮೈದಾನದ ಹುಲ್ಲು ತೆಗೆಸುವ ಮಾತಿನ ಮೇಲೆ ಒಪ್ಪಿಗೆ ಪಡೆಯಿತು.

2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಈ ಚರ್ಚೆ ಬಿಡಿಸಿ ಹೇಳಬೇಕಿಲ್ಲ. ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್‌ಗೆ ಕಾದು ಕೂತ ಊರು ಅದು. ಎರಡು ಹೆಕ್ಟೇರ್ ಕೊಳವನ್ನು ಒಂದು ಸಲ ತುಂಬಿಸಲು ಎರಡು ಸಾವಿರಕ್ಕೂ ಹೆಚ್ಚು ಟ್ಯಾಂಕರ್ ಬೇಕು.

ನೀರಿನ ಪ್ರಮಾಣದಷ್ಟೇ ಅದರ ಶುದ್ಧಿಯೂ ಮುಖ್ಯ. 2018ರಲ್ಲಿ ವೇಕೋ ಪಾರ್ಕಿಗೆ ಹೋಗಿ ಬಂದ ಯುವಕನೊಬ್ಬ ಮಿದುಳು ತಿನ್ನುವ ಅಮೀಬಾದಿಂದ ತೀರಿಕೊಂಡ. ಕೇರಳದ ಪ್ರಕರಣಗಳಿಂದ ಈ ಹೆಸರು ನಮಗೂ ಪರಿಚಯ. ಬೆಚ್ಚಗಿನ ಸಿಹಿನೀರು ಮೂಗಿನೊಳಗೆ ನುಗ್ಗಿದರೆ ಬರುವ ಕಾಯಿಲೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ತನಿಖೆಯಲ್ಲಿ ಪಾರ್ಕಿನ ನೀರು ರಾಡಿಯಾಗಿತ್ತು, ಕ್ಲೋರಿನ್ ಕಡಿಮೆಯಿತ್ತು, ಆ ಅಮೀಬಾ ಬೆಳೆಯಲು ಅನುಕೂಲವಿತ್ತು ಎಂದು ಕಂಡುಬಂತು. ಪಾರ್ಕ್ ಆಮೇಲೆ ಹೊಸ ಶುದ್ಧೀಕರಣ ವ್ಯವಸ್ಥೆ ಹಾಕಿತು. ಇದು ಹೇಳಿದಷ್ಟು ಸುಲಭವಲ್ಲ. ಈಜುಕೊಳದ ಹತ್ತಾರು ಪಟ್ಟು ನೀರು, ಮೇಲಿಂದ ಬಿಸಿಲು, ಕ್ಷಣಕ್ಷಣಕ್ಕೂ ಕಲಕಿ ಏಳುವ ತಳ. ಬಿಸಿಲಿಗೆ ಕ್ಲೋರಿನ್ ಬೇಗ ಸಾಯುತ್ತದೆ. ಸರ್ಫರ್ ಮುಖ ಅಡಿಯಾಗಿ ಬೀಳುವವನು, ಮೂಗಿಗೆ ನೀರು ಹೋಗದೆ ಇರುವುದಿಲ್ಲ. ಅಬುಧಾಬಿಯ ಕೊಳದಲ್ಲಿ ಬಳಸುವುದು ಉಪ್ಪುನೀರು.

ಕ್ರೀಡೆಗೆ ಇದರಿಂದ ಒಳ್ಳೆಯದಾಯಿತೇ? ಅಭ್ಯಾಸಕ್ಕಂತೂ ಹೌದು. ಒಂದೇ ತಿರುವನ್ನು ಒಂದೇ ಥರದ ಅಲೆಯ ಮೇಲೆ ಐವತ್ತು ಸಲ ಮಾಡಿ ನೋಡುವ ಅವಕಾಶ ಕಡಲು ಯಾವತ್ತೂ ಕೊಡುವುದಿಲ್ಲ. ಸ್ಪರ್ಧೆ ಎಂದಾಗ ನನಗೆ ಅನುಮಾನ. ಅಲೆ ಒಂದೇ ಆದರೆ ಅಂಕ ಕೊಡುವುದು ಸುಲಭವಾಗಬೇಕಿತ್ತು. ಆದದ್ದು ಉಲ್ಟಾ. ವೃತ್ತಿಪರರ ವಿಶ್ವ ಟೂರ್‌ನ ಸ್ಪರ್ಧೆ 2018ರಿಂದ ಲೆಮೂರ್‌ನಲ್ಲೂ ನಡೆಯಿತು. 2023ರಲ್ಲಿ ಅಲ್ಲಿನ ಅಂಕಗಳ ಬಗ್ಗೆ ಬ್ರೆಜಿಲ್‌ನ ಗೇಬ್ರಿಯಲ್ ಮೆಡಿನಾ ಬಹಿರಂಗವಾಗಿಯೇ ಆಕ್ಷೇಪ ಎತ್ತಿದರು. ಮುಂದಿನ ವರ್ಷದ ಟೂರ್‌ನಲ್ಲಿ ಲೆಮೂರ್ ಇರಲಿಲ್ಲ. 2025ರ ಫೆಬ್ರುವರಿಯಲ್ಲಿ ಅದೇ ತಂತ್ರಜ್ಞಾನದ ಅಬುಧಾಬಿ ಕೊಳ ಟೂರ್‌ಗೆ ಬಂತು. ಒಲಿಂಪಿಕ್ಸ್ ಮಾತ್ರ ಇನ್ನೂ ಕಡಲನ್ನು ಬಿಟ್ಟಿಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗನ್ನು ದೂರದ ತಾಹಿತಿ ದ್ವೀಪಕ್ಕೇ ಒಯ್ದರು.

ನೋಡುವವರಿಗೂ ಒಂದು ಬೇಸರ ಇದೆ. ಕಡಲಿನ ಸ್ಪರ್ಧೆಯಲ್ಲಿ ಅರ್ಧ ಆಟ ಕಾಯುವುದರಲ್ಲಿದೆ. ಯಾವ ತೆರೆ ಹಿಡಿಯಬೇಕು, ಯಾವುದನ್ನು ಬಿಡಬೇಕು. 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದ ಮೇಲೆ ಈ ಕರಾವಳಿಯಲ್ಲಿ ಬೆಳೆದ ಹುಡುಗರಿಗೆ ಆ ಓದು ಗೊತ್ತು. ಪಣಂಬೂರು, ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆದಾಗ ನೋಡಿ, ಹಲಗೆಯ ಮೇಲೆ ಕೂತು ದಿಗಂತ ದಿಟ್ಟಿಸುವ ಹೊತ್ತೇ ಜಾಸ್ತಿ. ಕೊಳದಲ್ಲಿ ಯಂತ್ರ ಗುಂಯ್ ಎಂದಾಗ ಎದ್ದರೆ ಸಾಕು.

ಮ್ಯೂನಿಕ್‌ನ ಒಂದು ಸುದ್ದಿ ಹೇಳಿ ನಿಲ್ಲಿಸುತ್ತೇನೆ. ವಿಮಾನ ನಿಲ್ದಾಣದ ಹತ್ತಿರ 2024ರಲ್ಲಿ ಭಾರಿ ಸರ್ಫ್ ಕೊಳ ತೆರೆಯಿತು. ಊರೊಳಗೆ, ಇಂಗ್ಲಿಷ್ ಗಾರ್ಡನ್ ಪಾರ್ಕಿನ ಅಂಚಿನ ಐಸ್‌ಬಾಖ್ ಎಂಬ ತೊರೆಯಲ್ಲಿ ಬೇರೊಂದು ಅಲೆ ಇತ್ತು. ಜೋರಾಗಿ ಹರಿಯುವ ನೀರು ಒಂದೇ ಜಾಗದಲ್ಲಿ ಉಬ್ಬಿ ನಿಲ್ಲುವ ಅಲೆ. ಅಡುಗೆಮನೆಯ ಸಿಂಕಿನಲ್ಲಿ ನಲ್ಲಿ ಬಿಟ್ಟಾಗ ನೀರು ಬೀಳುವ ಜಾಗದ ಸುತ್ತ ಒಂದು ಉಂಗುರ ಏಳುತ್ತದಲ್ಲ, ಅದರ ಬಂಧು. ಜನ ಅಲ್ಲಿ ದಶಕಗಳಿಂದ ಸರದಿ ನಿಂತು ಪುಕ್ಕಟೆ ಸರ್ಫ್ ಮಾಡುತ್ತಿದ್ದರು. 2025ರ ಅಕ್ಟೋಬರಿನಲ್ಲಿ, ವರ್ಷವರ್ಷದಂತೆ, ತೊರೆಯ ನೀರು ನಿಲ್ಲಿಸಿ ತಳ ಸ್ವಚ್ಛ ಮಾಡಿದರು. ಮತ್ತೆ ನೀರು ಬಿಟ್ಟಾಗ ಅಲೆ ಬರಲಿಲ್ಲ. ನೀರು ಬಿಳಿ ನೊರೆಯಾಗಿ ಹರಿದು ಹೋಗುತ್ತಿತ್ತು, ಉಬ್ಬು ಇಲ್ಲ. ತಳದ ಜಲ್ಲಿ ಕಲ್ಲು ಎಲ್ಲೆಲ್ಲಿ, ಎಷ್ಟೆಷ್ಟು ಇತ್ತು ಎಂದು ಯಾರೂ ಅಳೆದಿಟ್ಟಿರಲಿಲ್ಲ.